ನೋವಿಗಿಲ್ಲದ ನಿಷೇಧ ಮದ್ದಿಗೇಕೆ?

ಕಳೆದ ಜೂನ್ ತಿಂಗಳ ಕೊನೆಯ ಭಾನುವಾರ ನಮ್ಮ ಸಂಘದ ಸಭಾಗೃಹದಲ್ಲಿ ಮಾದಕವಸ್ತು ವಿರೋಧಿ ದಿನದ ಅಂಗವಾಗಿ ಉಪನ್ಯಾಸವೊಂದು ಏರ್ಪಾಡಾಗಿತ್ತು. ಉಪನ್ಯಾಸಕರು ನಿವೃತ್ತ ಅಧಿಕಾರಿಗಳು, ಮಾತು ಬಲ್ಲವರು. ಮುಂಬಯಿಯ ಕಾಲೇಜು ಹುಡುಗರು ಹಾಳಾಗುತ್ತಿರುವ ಬಗೆಯನ್ನು ಅವರು ಮನಮುಟ್ಟುವಂತೆ ವಿವರಿಸಿದರು. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಮಾತಿನ ಭರದಲ್ಲಿ ಅವರು, ಎಲ್‌ಎಸ್‌ಡಿ, ನಶೆಯ ಅಣಬೆ ಮುಂತಾದವು ಮನುಷ್ಯನಿಗೆ ಯಾವ ಕಾಲಕ್ಕೂ ಉಪಕಾರ ಮಾಡಿದವಲ್ಲ, ಮಾಡುವಂಥವೂ ಅಲ್ಲ, ಹಾಗೆ ಹೇಳುವವರೆಲ್ಲ ಮಾರಾಟಗಾರರ ಏಜೆಂಟರು ಎಂದುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಭಾವಮೈದುನ ಮಾತ್ರ ತಟ್ಟಲಿಲ್ಲ. ಪ್ರಶ್ನೆ ಕೇಳಲೆಂದು ನಾನು ಎದ್ದು ನಿಂತಾಗ ಅವನೇ ನನ್ನ ಅಂಗಿಯ ತುದಿ ಹಿಡಿದು, "ಭಾವ, ಸುಮ್ಮ ಕೂಡ್ರಿ, ನಮ್ಮ ಮನಿ ಸುದ್ದಿ ಮಂದಿ ಮುಂದ ಯಾಕ?" ಎಂದ. ಅಧ್ಯಕ್ಷರೂ ವೇಳೆಯಾಯಿತೆಂದರು. ವಂದನಾರ್ಪಣೆಯಾಯಿತು. ಅಲ್ಲಿ ಆಡಲಾಗದ ಮಾತನ್ನು ಅವನ ಅನುಮತಿ ಪಡೆದು ಇಲ್ಲಿ ಆಡುತ್ತಿದ್ದೇನೆ.

ಅವನಿಗಿರುವುದು ಕ್ಲಸ್ಟರ್ ತಲೆನೋವು. ಕನ್ನಡದಲ್ಲಿ ಇದಕ್ಕೆ ರೂಢಿಯಾದ ಹೆಸರೇ ಇಲ್ಲ. ಗೊಂಚಲು ತಲೆನೋವು ಎಂದು ಅನುವಾದಿಸಬಹುದು, ಆದರೆ ಗೊಂಚಲು ಎಂದೊಡನೆ ನಮಗೆ ದ್ರಾಕ್ಷಿ ನೆನಪಾಗುತ್ತದೆಯೇ ಹೊರತು ರಾತ್ರಿ ಎರಡು ಗಂಟೆಗೆ ಗೋಡೆಗೆ ಹಣೆ ಚಚ್ಚಿಕೊಳ್ಳುವ ಗಂಡಸಲ್ಲ. ಇದು ಮೈಗ್ರೇನ್ ಅಲ್ಲ. ಮೈಗ್ರೇನ್ ಬಂದವನು ಕತ್ತಲೆ ಕೋಣೆಯಲ್ಲಿ ಅಲುಗದೆ ಮಲಗುತ್ತಾನೆ. ಇದು ಬಂದವನಿಗೆ ಮಲಗಲಾಗದು, ಕೂರಲಾಗದು. ಒಂದೇ ಕಣ್ಣಿನ ಹಿಂದೆ, ಸುತ್ತ, ಕಪೋಲದಲ್ಲಿ ಕಾದ ಸಲಾಕೆ ಚುಚ್ಚಿ ತಿರುವಿದಂತಾಗುತ್ತದೆ. ಆ ಕಣ್ಣು ಕೆಂಪಗಾಗಿ ನೀರಾಡುತ್ತದೆ, ರೆಪ್ಪೆ ಜೋಲುತ್ತದೆ, ಆ ಕಡೆಯ ಮೂಗು ಕಟ್ಟುತ್ತದೆ. ಒಂದೊಂದು ಆಕ್ರಮಣ 15 ನಿಮಿಷದಿಂದ 3 ಗಂಟೆಯವರೆಗೆ, ದಿನಕ್ಕೆ ಎಂಟರವರೆಗೆ. ಹೀಗೆ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆದು ಒಂದು ದಿನ ಹೇಳದೆ ಕೇಳದೆ ನಿಂತು, ಮತ್ತೆ ವರ್ಷದ ಅದೇ ಋತುವಿನಲ್ಲಿ, ಅನೇಕರಿಗೆ ರಾತ್ರಿಯ ಅದೇ ಗಳಿಗೆಗೆ ಮರಳುತ್ತದೆ. ಮೆದುಳಿನೊಳಗೆ ನಮ್ಮ ನಿದ್ರೆ-ಎಚ್ಚರಗಳ ಗಡಿಯಾರವಿರುವ ಹೈಪೊಥಲಾಮಸ್ ಎಂಬ ಭಾಗಕ್ಕೂ ಇದಕ್ಕೂ ನಂಟಿರುವುದು ಈ ಕಾರಣಕ್ಕೇ. ಕೆಲವರಿಗೆ ಬಿಡುವೇ ಇಲ್ಲ. ಅಂಥವರದು ದೀರ್ಘಕಾಲಿಕ ಬಗೆ.

ಸಾವಿರಕ್ಕೆ ಸುಮಾರು ಒಬ್ಬರಿಗೆ ಇದು ಬರುತ್ತದೆ. ಅಂದರೆ ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ, ಅವರ ಮನೆಮಂದಿಯಲ್ಲಿ, ಒಬ್ಬಿಬ್ಬರಾದರೂ ಇದ್ದಾರು. ಹದಿನಾರು ನೂರು ರೋಗಿಗಳನ್ನು ಕೇಳಿ 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ ಅವರು ಈ ನೋವಿಗೆ ಹತ್ತರಲ್ಲಿ 9.7 ಅಂಕ ಕೊಟ್ಟರು. ಹೆರಿಗೆ ನೋವನ್ನೂ ಉಂಡವರು ಅದಕ್ಕೆ ಕೊಟ್ಟದ್ದು 7.2. ಅಮೆರಿಕದ ಇನ್ನೊಂದು ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆಯ ಯೋಚನೆ ಬಂದದ್ದುಂಟೆಂದು ಒಪ್ಪಿಕೊಂಡರು. ಇಂಗ್ಲಿಷಿನಲ್ಲಿ ಇದಕ್ಕೆ ಆತ್ಮಹತ್ಯೆಯ ತಲೆನೋವು ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

ನನ್ನ ಭಾವಮೈದುನನಿಗೆ ಮೊದಲು ಸೈನಸ್ ಎಂದರು. ಆಮೇಲೆ ಎರಡು ಹಲ್ಲು ಕಿತ್ತರು. ಕನ್ನಡಕ ಬದಲಾಯಿಸಿದರು. ಊರಿನಿಂದ ಬಂದ ಹಿರಿಯರೊಬ್ಬರು ಪಿತ್ತವೆಂದರು, ಇನ್ನೊಬ್ಬರು ದೃಷ್ಟಿ ತೆಗೆಸಿದರು. ಆರು ವರ್ಷಗಳಾದ ಮೇಲೆ ಒಬ್ಬ ನರರೋಗ ತಜ್ಞರು ಹತ್ತು ನಿಮಿಷ ಮಾತು ಕೇಳಿಸಿಕೊಂಡು ಹೆಸರು ಹೇಳಿದರು. ಹೆಸರು ಸಿಕ್ಕ ದಿನ ಅವನು ಅತ್ತ. ಚಿಕಿತ್ಸೆ ಇಲ್ಲವೆಂದಲ್ಲ. ಶುದ್ಧ ಆಮ್ಲಜನಕವನ್ನು ಬಿಗಿ ಮುಖವಾಡದ ಮೂಲಕ ನಿಮಿಷಕ್ಕೆ 12 ಲೀಟರಿನಂತೆ ಕೊಟ್ಟರೆ ನೂರಕ್ಕೆ 78 ಆಕ್ರಮಣಗಳು ಹದಿನೈದು ನಿಮಿಷದಲ್ಲಿ ಇಳಿಯುತ್ತವೆಂದು 2009ರಲ್ಲಿ ಲಂಡನ್ನಿನ ವೈದ್ಯರು ತೋರಿಸಿದ್ದಾರೆ. ಬರೀ ಗಾಳಿ ಕೊಟ್ಟಾಗ ಅದು 20. ಸುಮಾಟ್ರಿಪ್ಟಾನ್ ಚುಚ್ಚುಮದ್ದಿದೆ. ಬಾರದಂತೆ ತಡೆಯಲು ಹೃದ್ರೋಗದ ವೆರಪಮಿಲ್ ಗುಳಿಗೆಯಿದೆ, ಲಿಥಿಯಂ ಇದೆ. ಆದರೆ ಎಲ್ಲರಿಗೂ ಇವು ಆಗಿಬರುವುದಿಲ್ಲ. ಅವನ ವೆರಪಮಿಲ್ ಪ್ರಮಾಣ ಏರಿಸುತ್ತ ಹೋದಂತೆ ಹೃದಯದ ಬಡಿತ ತಾಳ ತಪ್ಪಿತು. ಉಳಿದದ್ದು ಸಿಲಿಂಡರು. 2021ರ ಏಪ್ರಿಲಿನಲ್ಲಿ ಮೇಲಿನ ಮಹಡಿಯ ಮುದುಕರಿಗೆ ಉಸಿರು ಸಾಲದಾದಾಗ ಆ ಸಿಲಿಂಡರನ್ನು ಅವನೇ ಹೊತ್ತು ಕೊಟ್ಟುಬಂದು, ಆ ಋತುವನ್ನು ಬರಿಗೈಯಲ್ಲಿ ಕಳೆದ. ಇಂಥವನು ಒಂದು ದಿನ ನನ್ನನ್ನು ಕೇಳಿದ: "ಭಾವ, ಆ ಅಣಬಿ ಎಲ್ಲಿ ಸಿಗತಾವ ಅಂತ ಕೇಳಿದ್ರ ನನ್ನ ಬಗ್ಗೆ ಏನ್ ತಿಳೀತೀರಿ?"

ನಾನು ಉತ್ತರ ಕೊಡಲಿಲ್ಲ. ಓದತೊಡಗಿದೆ.

ಓದಿದಾಗ ತಿಳಿದ ಮೊದಲ ಸಂಗತಿಯೆಂದರೆ, ಎಲ್‌ಎಸ್‌ಡಿ ಹುಟ್ಟಿದ್ದು ಗಾಂಜಾ ಸೇದುವವರ ಅಡ್ಡೆಯಲ್ಲಲ್ಲ, ತಲೆನೋವಿನ ಮದ್ದಿನ ಮನೆಯಲ್ಲಿ. ರೈ ಎಂಬ ಧಾನ್ಯದ ತೆನೆಗೆ ಹತ್ತುವ ಎರ್ಗಟ್ ಎಂಬ ಬೂಷ್ಟಿದೆ. ನಮ್ಮ ಕಡೆ ಸಜ್ಜೆಯ ತೆನೆಗೂ ಅದರ ದಾಯಾದಿಯೊಂದು ಹತ್ತುತ್ತದೆ, ಒಕ್ಕಲುಮಕ್ಕಳಿಗೆ ಗೊತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿ ಈ ಬೂಷ್ಟಿನಿಂದ 1918ರಲ್ಲಿ ಎರ್ಗೊಟಮಿನ್ ಎಂಬ ದ್ರವ್ಯ ತೆಗೆಯಿತು. ಮುಂದೆ ದಶಕಗಳ ಕಾಲ ಮೈಗ್ರೇನಿಗೆ ಅದೇ ಮದ್ದು. ಅದೇ ಪ್ರಯೋಗಾಲಯದಲ್ಲಿ ಅದೇ ಬೂಷ್ಟಿನ ಸಂಯುಕ್ತಗಳೊಡನೆ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿಯನ್ನು ರೂಪಿಸಿದ. ಅದರ ಭ್ರಾಂತಿಗುಣ ಅವನಿಗೆ ತಿಳಿದದ್ದು ಐದು ವರ್ಷಗಳ ತರುವಾಯ, ಆಕಸ್ಮಿಕವಾಗಿ. ಮೆಕ್ಸಿಕೋದ ಅಣಬೆಯಿಂದ ಸೈಲೋಸೈಬಿನ್ ಅನ್ನು 1958ರಲ್ಲಿ ಬೇರ್ಪಡಿಸಿದವನೂ ಅವನೇ. ಎಲ್‌ಎಸ್‌ಡಿಯ ಒಡಹುಟ್ಟೇ ಆದ ಮೆಥಿಸರ್ಜೈಡ್ ಎಂಬ ಗುಳಿಗೆಯನ್ನು ಅದೇ ಸ್ಯಾಂಡೋಜ್ ಮಾರುಕಟ್ಟೆಗೆ ತಂದಿತು. ಕ್ಲಸ್ಟರ್ ರೋಗಿಗಳಿಗೆ ಡಾಕ್ಟರುಗಳು ಅದನ್ನು ಹಲವು ದಶಕ ಬರೆದುಕೊಟ್ಟರು. ಹೊಟ್ಟೆಯೊಳಗೆ ನಾರು ಬೆಳೆಸುವ ಅದರ ಅಡ್ಡಪರಿಣಾಮದಿಂದ ಅದು ಹಿಂದೆ ಸರಿಯಿತೇ ಹೊರತು ನಶೆಯಿಂದಲ್ಲ. ಇಂದು ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೊಟ್ಟರೆ ಸಿಗುವ ಸುಮಾಟ್ರಿಪ್ಟಾನ್ ಕೂಡ, ನಿಷಿದ್ಧವಾದ ಸೈಲೋಸೈಬಿನ್ ಕೂಡ, ರಸಾಯನಶಾಸ್ತ್ರದಲ್ಲಿ ಟ್ರಿಪ್ಟಮಿನ್ ಎಂಬ ಒಂದೇ ಮನೆತನದವು. ಒಂದೇ ಮನೆತನದ ಒಬ್ಬ ಮಗ ಡಾಕ್ಟರು, ಇನ್ನೊಬ್ಬ ಗಡೀಪಾರು. ಗಡೀಪಾರು ಮಾಡಿದ್ದು ವಿಜ್ಞಾನವೆ?

ಅಲ್ಲ. 1964ರಲ್ಲಿ ಶಿಕಾಗೋದ ಎರಿಕ್ ಕಾಸ್ಟ್ ಎಂಬ ವೈದ್ಯ ತೀವ್ರ ನೋವಿನ ಐವತ್ತು ರೋಗಿಗಳಿಗೆ ಎಲ್‌ಎಸ್‌ಡಿ ಕೊಟ್ಟು ನೋವು ತಗ್ಗುತ್ತದೆಯೆ ಎಂದು ಪರೀಕ್ಷಿಸುತ್ತಿದ್ದ. ಅಷ್ಟರಲ್ಲಿ ಅಮೆರಿಕದ ಹುಡುಗರು ಅದನ್ನು ಬೀದಿಗೆ ತಂದರು, ಹಾರ್ವರ್ಡಿನ ಟಿಮತಿ ಲಿಯರಿ ಮಠಾಧಿಪತಿಯಂತೆ ಉಪದೇಶಕ್ಕಿಳಿದ, ವಿಯೆಟ್ನಾಂ ಯುದ್ಧದ ವಿರೋಧಿಗಳೆಲ್ಲ ನಶೆಕೋರರೆಂದು ಹೇಳಲು ಸರಕಾರಕ್ಕೆ ಅನುಕೂಲವಾಯಿತು. 1970ರಲ್ಲಿ ಅಮೆರಿಕದ ಕಾಯಿದೆ ಇವನ್ನು ವೈದ್ಯಕೀಯ ಉಪಯೋಗವಿಲ್ಲದ ಮೊದಲ ಪಟ್ಟಿಗೆ ಸೇರಿಸಿತು. 1971ರಲ್ಲಿ ವಿಯೆನ್ನಾದಲ್ಲಿ ಅದೇ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಉಪಯೋಗವಿಲ್ಲವೆಂದು ಸಾಬೀತಾದುದರಿಂದ ಪಟ್ಟಿಗೆ ಸೇರಿದ್ದಲ್ಲ. ಪಟ್ಟಿಗೆ ಸೇರಿದ್ದರಿಂದ ಉಪಯೋಗವನ್ನು ಸಾಬೀತುಪಡಿಸುವ ದಾರಿ ಮುಚ್ಚಿತು. ಆಮೇಲೆ ಅರ್ಧ ಶತಮಾನ, ಪುರಾವೆ ಎಲ್ಲಿ ಎಂದು ಕೇಳುತ್ತ ಬಂದರು. ಬಾವಿಗೆ ಮಣ್ಣು ತುಂಬಿ ನೀರೆಲ್ಲಿ ಎಂದು ಕೇಳುವ ಜಾಣತನ ಇದು.

ದಾರಿಯನ್ನು ಮತ್ತೆ ತೆರೆದವರು ಡಾಕ್ಟರುಗಳಲ್ಲ, ರೋಗಿಗಳು. ಎಲ್‌ಎಸ್‌ಡಿ ಸೇವಿಸಿದ ವರ್ಷ ತಮ್ಮ ತಲೆನೋವಿನ ಋತುವೇ ಬಾರದಿದ್ದುದನ್ನು 1990ರ ದಶಕದ ಕೊನೆಗೆ ಕೆಲವರು ಗಮನಿಸಿ ಒಬ್ಬರಿಗೊಬ್ಬರು ಹೇಳಿಕೊಂಡರು. ಅಮೆರಿಕದ ರೋಗಿ ಬಾಬ್ ವೋಲ್ಡ್ 2002ರಲ್ಲಿ ಕ್ಲಸ್ಟರ್‌ಬಸ್ಟರ್ಸ್ ಎಂಬ ಸಂಸ್ಥೆ ಕಟ್ಟಿ, ನಮ್ಮನ್ನು ಪರೀಕ್ಷಿಸಿ ಎಂದು ವಿಜ್ಞಾನಿಗಳ ಬಾಗಿಲು ತಟ್ಟಿದರು. ಹಾರ್ವರ್ಡಿಗೆ ಸೇರಿದ ಮೆಕ್‌ಲೀನ್ ಆಸ್ಪತ್ರೆಯ ಸೀವೆಲ್, ಹಾಲ್‌ಪರ್ನ್ ಮತ್ತು ಪೋಪ್ ಎಂಬ ಮೂವರು 53 ರೋಗಿಗಳ ಹೇಳಿಕೆ ಪಡೆದು 2006ರಲ್ಲಿ ಪ್ರಕಟಿಸಿದರು. ಆಕ್ರಮಣದ ನಡುವೆ ಸೈಲೋಸೈಬಿನ್ ಬಳಸಿದ 26 ಮಂದಿಯಲ್ಲಿ 22 ಮಂದಿಗೆ ನೋವು ಅಲ್ಲಿಗೇ ನಿಂತಿತ್ತು. ಎಲ್‌ಎಸ್‌ಡಿ ಬಳಸಿದ ಎಂಟರಲ್ಲಿ ಏಳು ಮಂದಿಗೆ, ಸೈಲೋಸೈಬಿನ್ ಬಳಸಿದ 48ರಲ್ಲಿ 25 ಮಂದಿಗೆ, ಆ ಋತುವೇ ಮುಗಿದಿತ್ತು. ಇದು ಹೇಳಿಕೆಯಷ್ಟೇ, ಪ್ರಯೋಗವಲ್ಲ. ಗುಣ ಕಂಡವರೇ ಮುಂದೆ ಬಂದು ಹೇಳಿರಬಹುದು. ಋತು ತನಗೆ ತಾನೇ ಮುಗಿಯುವ ರೋಗವಿದು, ಆದ್ದರಿಂದ ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ನಂಟು ಕಟ್ಟುವ ಅಪಾಯವೂ ಉಂಟು. ಒಪ್ಪೋಣ.

2010ರಲ್ಲಿ ಜರ್ಮನಿಯ ಹ್ಯಾನೋವರಿನ ವೈದ್ಯರು ಇನ್ನೂ ಕುತೂಹಲದ ಸಂಗತಿಯೊಂದನ್ನು ವರದಿ ಮಾಡಿದರು. ಎಲ್‌ಎಸ್‌ಡಿಗೆ ಬ್ರೋಮಿನ್ ಪರಮಾಣುವೊಂದನ್ನು ಜೋಡಿಸಿದ, ಭ್ರಾಂತಿ ಹುಟ್ಟಿಸದ ರೂಪವೊಂದಿದೆ. ಹತ್ತು ದಿನಗಳೊಳಗೆ ಅದರ ಮೂರೇ ಪ್ರಮಾಣ ಪಡೆದ ಐವರು ರೋಗಿಗಳ ನೋವು ಬಹುಮಟ್ಟಿಗೆ ತಗ್ಗಿತು. ಐವರೇ, ಹೋಲಿಕೆಗೆ ಬೇರೆ ಗುಂಪಿಲ್ಲ. ಆದರೂ ಅದು ಎತ್ತುವ ಪ್ರಶ್ನೆ ಸಣ್ಣದಲ್ಲ: ನಶೆ ಬೇರೆ, ಗುಣ ಬೇರೆಯಾಗಿದ್ದರೆ, ನಮ್ಮ ಉಪನ್ಯಾಸಕರ ಇಡೀ ವಾದ ನಿಲ್ಲುವುದು ಎಲ್ಲಿ?

ಯೇಲ್ ವಿಶ್ವವಿದ್ಯಾಲಯದ ಎಮ್ಯಾನುಯೆಲ್ ಶಿಂಡ್ಲರ್ 2022ರಲ್ಲಿ ಪ್ರಕಟಿಸಿದ ಅಧ್ಯಯನ ಹುಸಿಮದ್ದಿನೊಡನೆ ಹೋಲಿಸಿ ನಡೆದದ್ದು. ಐದೈದು ದಿನಗಳ ಅಂತರದಲ್ಲಿ ಮೂರು ಸಲ, ಸಣ್ಣ ಪ್ರಮಾಣದ ಸೈಲೋಸೈಬಿನ್. ಭಾಗವಹಿಸಿದವರು ಹದಿನಾಲ್ಕು ಮಂದಿ. ಮದ್ದು ಪಡೆದವರಲ್ಲಿ ವಾರಕ್ಕೆ ಸರಾಸರಿ ಮೂರು ಆಕ್ರಮಣ ಕಡಿಮೆಯಾದವು, ಹುಸಿಮದ್ದಿನವರಲ್ಲಿ ಏನೂ ಬದಲಾಗಲಿಲ್ಲ. ಆದರೆ ಇಷ್ಟು ಕಡಿಮೆ ಜನರಲ್ಲಿ ಕಂಡ ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಒರೆಗಲ್ಲಿನಲ್ಲಿ ನಿಲ್ಲಲಿಲ್ಲ. ಅವರಲ್ಲಿ ಹತ್ತು ಮಂದಿಗೆ ಮತ್ತೊಂದು ಸುತ್ತು ಕೊಟ್ಟು ನೋಡಿದಾಗ ಆಕ್ರಮಣಗಳು ಸುಮಾರು ಅರ್ಧಕ್ಕಿಳಿದವು. ಈ ವರದಿ ಬಂದದ್ದು 2024ರಲ್ಲಿ. ಅದೇ ವರ್ಷ ಕೋಪನ್‌ಹೇಗನ್ನಿನವರು ಬಿಡುವಿಲ್ಲದೆ ನರಳುವ ಹತ್ತು ರೋಗಿಗಳಲ್ಲಿ ಶೇಕಡ 31ರಷ್ಟು ಇಳಿಕೆ ಕಂಡರು. ಅದಕ್ಕೂ ಹೈಪೊಥಲಾಮಸಿನ ಸಂಪರ್ಕಗಳಲ್ಲಾದ ಬದಲಾವಣೆಗೂ ಸಂಬಂಧ ಗುರುತಿಸಿದರು. ಅವರಲ್ಲೊಬ್ಬರಿಗೆ 21 ವಾರ ನೋವೇ ಇರಲಿಲ್ಲ.

ಇಷ್ಟೆ. ಇದಕ್ಕಿಂತ ಹೆಚ್ಚು ಹೇಳುವವರನ್ನು ನಂಬಬೇಡಿ. ಆದರೆ ಇದರಲ್ಲಿ ಏನೂ ಇಲ್ಲವೆನ್ನುವವರನ್ನೂ ನಂಬಬೇಡಿ. ಪುರಾವೆ ಸಾಲದೆನ್ನುವ ಮಾತು ನಿಜ. ಸಾಲದ ಪುರಾವೆಯನ್ನು ಸಾಲುವಷ್ಟು ಮಾಡಬೇಕೆಂಬುದೇ ನನ್ನ ವಾದ. ನೂರಾರು ರೋಗಿಗಳ ಪ್ರಯೋಗ ಏಕೆ ಆಗಲಿಲ್ಲ? ಪೇಟೆಂಟು ಅವಧಿ ಮುಗಿದು ಯುಗವಾದ ಹಳೆಯ ದ್ರವ್ಯ, ವರ್ಷಕ್ಕೆ ಮೂರು ಸಲ ನುಂಗಿದರೆ ಮುಗಿಯಬಹುದಾದ ಚಿಕಿತ್ಸೆ. ತಿಂಗಳಿಗೊಮ್ಮೆ ಚುಚ್ಚಬೇಕಾದ ದುಬಾರಿ ಮದ್ದಿನಲ್ಲಿ ಕಂಪನಿಗಿರುವ ಆಸಕ್ತಿ ಇದರಲ್ಲಿ ಎಲ್ಲಿಂದ ಬರಬೇಕು? ಅದರ ಮೇಲೆ ಕಾಯಿದೆಯ ಬೀಗ. ಭ್ರಾಂತಿ ಹುಟ್ಟಿಸುವ ಮದ್ದನ್ನು ಹುಸಿಮದ್ದಿನೊಡನೆ ಮರೆಮಾಚಿ ಕೊಡುವುದು ಕಷ್ಟ, ರೋಗಿಗೆ ತಿಳಿದೇಬಿಡುತ್ತದೆ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಅದಕ್ಕೆ ಹ್ಯಾನೋವರಿನ ದ್ರವ್ಯವೇ ಒಂದು ಉತ್ತರವಾದೀತು. ಪರೀಕ್ಷಿಸಿದರೆ ತಾನೆ ಗೊತ್ತಾಗುವುದು!

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮ ಎನ್‌ಡಿಪಿಎಸ್ ಕಾಯಿದೆ 1985ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದು, ಸೆಪ್ಟೆಂಬರಿನಲ್ಲಿ ಅಂಕಿತ ಪಡೆದು, ನವೆಂಬರ್ 14ರಂದು ಜಾರಿಗೆ ಬಂತು. ಎಲ್‌ಎಸ್‌ಡಿ ಒಂದು ಗ್ರಾಮಿನ ಹತ್ತನೆಯ ಒಂದು ಭಾಗವಿದ್ದರೆ ಅದು ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ ಸೆರೆ. ನಮ್ಮಲ್ಲಿ ಈ ಕಾಯಿದೆಯನ್ನು ಹೊಗಳುವವರು ಒಂದು ಅಧ್ಯಾಯವನ್ನು ಜಾಣತನದಿಂದ ಮರೆಯುತ್ತಾರೆ: ಮಾರ್ಫಿನ್. ಅದು ಕ್ಯಾನ್ಸರಿನ ಕೊನೆಯ ದಿನಗಳ ನೋವಿಗೆ ಜಗತ್ತೇ ಒಪ್ಪಿದ ಮದ್ದು. ಅದನ್ನು ತೆಗೆಯುವ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಲ್ಲೇ ಬೆಳೆಯುತ್ತೇವೆ, ಹೊರದೇಶಕ್ಕೆ ಮಾರುತ್ತೇವೆ. ಆದರೆ ಈ ಕಾಯಿದೆ ಬಂದ ಮೇಲೆ ರಾಜ್ಯಕ್ಕೊಂದು ಪರವಾನಗಿ, ಇಲಾಖೆಗೊಂದು ಠಸ್ಸೆ ಎಂದಾಗಿ, ದೇಶದಲ್ಲಿ ವರ್ಷಕ್ಕೆ ಆರು ನೂರು ಕಿಲೋ ಸಮೀಪವಿದ್ದ ಮಾರ್ಫಿನ್ ಬಳಕೆ 1997ರ ವೇಳೆಗೆ ಇಪ್ಪತ್ತು ಕಿಲೋಗಿಂತ ಕೆಳಗಿಳಿಯಿತು. ಆ ಹನ್ನೆರಡು ವರ್ಷಗಳಲ್ಲಿ ನಮ್ಮ ನಮ್ಮ ಮನೆಗಳಲ್ಲಿ ಕಿರುಚುತ್ತ ಸತ್ತವರನ್ನು ನೆನೆಯಿರಿ. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಅವರಂಥ ಕೆಲವರು ದಶಕಗಳ ಕಾಲ ಬೆನ್ನುಹತ್ತಿದ ಮೇಲೆ 2014ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. ಅಂದರೆ ಮೂವತ್ತು ವರ್ಷಕ್ಕೆ ಒಂದು ವರ್ಷ ಕಡಿಮೆ. ತಪ್ಪು ಮಾಡಿದವರಾರೂ ಕ್ಷಮೆ ಕೇಳಲಿಲ್ಲ. ಇದೇ ಕಾಯಿದೆ ಗಾಂಜಾ ಗಿಡದ ಹೂವನ್ನು ಹಿಡಿದು, ಎಲೆಯನ್ನು ಬಿಟ್ಟುಕೊಟ್ಟಿದೆ. ಅದರಿಂದಲೇ ಕಾಶಿಯಲ್ಲಿ ಸರಕಾರಿ ಲೈಸೆನ್ಸಿನ ಭಾಂಗ್ ಅಂಗಡಿಗಳಿವೆ. ಹೆಂಡದ ಆದಾಯವಿಲ್ಲದೆ ಬಜೆಟ್ಟು ಮಂಡಿಸಬಲ್ಲ ಅರ್ಥಮಂತ್ರಿಗಳು ನಮ್ಮಲ್ಲಿ ವಿರಳ. ಇಂಥ ವ್ಯವಸ್ಥೆ ನೀತಿಯ ಹೆಸರಿನಲ್ಲಿ ರೋಗಿಯ ಮುಂದೆ ಎದೆ ಸೆಟೆಸುವುದು ನೋಡಿದರೆ ನಗೆ ಬರುತ್ತದೆ, ಆಮೇಲೆ ಸಿಟ್ಟು.

ವಿಚಿತ್ರವೆಂದರೆ ಅದೇ ಕಾಯಿದೆಯ ಎಂಟನೆಯ ಕಲಮು ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ವಿನಾಯಿತಿ ಕೊಡುತ್ತದೆ. 1971ರ ವಿಯೆನ್ನಾ ಒಪ್ಪಂದದಲ್ಲೂ ಆ ಕಿಂಡಿಯಿದೆ. ಅಮೆರಿಕ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡುಗಳು ಒಪ್ಪಂದ ಮುರಿದು ಪ್ರಯೋಗ ನಡೆಸಲಿಲ್ಲ, ಆ ಕಿಂಡಿಯಿಂದಲೇ ನುಸುಳಿ ನಡೆಸಿದವು. ಆಸ್ಟ್ರೇಲಿಯ 2023ರ ಜುಲೈಯಿಂದ ಅಧಿಕೃತ ಮನೋವೈದ್ಯರು ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸೈಲೋಸೈಬಿನ್ ಬರೆದುಕೊಡಬಹುದೆಂದಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರವಿಜ್ಞಾನವೂ ಮನೋವೈದ್ಯವೂ ಒಂದೇ ಆವರಣದಲ್ಲಿವೆ. ನರರೋಗದ ಮದ್ದು, ಮನಸ್ಸಿನ ಮೇಲೆ ಪರಿಣಾಮ. ಇಬ್ಬರು ತಜ್ಞರೂ ಪಕ್ಕದಲ್ಲೇ ಇರಬೇಕಾದ ಪ್ರಯೋಗಕ್ಕೆ ಇದಕ್ಕಿಂತ ತಕ್ಕ ಸ್ಥಳ ಯಾವುದು? ನ್ಯಾಯಾಲಯಗಳಲ್ಲಿ ಅಣಬೆಯ ತೂಕವನ್ನು ಹೇಗೆ ಲೆಕ್ಕಿಸಬೇಕೆಂಬ ವಾದವಿವಾದ ಈಚಿನ ವರ್ಷಗಳಲ್ಲಿ ಬೇಕಾದಷ್ಟಾಗಿದೆ. ಅಣಬೆಯ ಗ್ರಾಮುಗಳನ್ನು ತೂಗುವಷ್ಟು ಶ್ರದ್ಧೆ ನೋವನ್ನು ತೂಗುವಲ್ಲಿ ಕಾಣುವುದಿಲ್ಲ.

ಇನ್ನು ಮತ್ತೊಂದು ಬದಿಯವರಿಗೂ ಎರಡು ಮಾತು. ಈ ದ್ರವ್ಯಗಳೆಲ್ಲ ವೇದದ ಸೋಮರಸವೇ ಎಂದು ಎದೆ ತಟ್ಟಿಕೊಳ್ಳುವ ಸಂಸ್ಕೃತಿ ವೀರರೂ, ಗೋವೆಯ ಕಡಲ ದಂಡೆಯಲ್ಲಿ ಆತ್ಮಸಾಕ್ಷಾತ್ಕಾರ ಮಾರುವ ಶಿಬಿರದವರೂ ದಯವಿಟ್ಟು ಈ ವಿಷಯದಿಂದ ದೂರವಿರಬೇಕು. 1960ರ ದಶಕದಲ್ಲಿ ವೈದ್ಯರ ಕೈಯಿಂದ ಇದನ್ನು ಕಿತ್ತುಕೊಂಡದ್ದರಲ್ಲಿ ಪೊಲೀಸರಷ್ಟೇ ಪಾಲು ಇಂಥ ಪ್ರವಾದಿಗಳದ್ದು. ಮನೋವಿಕಾರದ ಚರಿತ್ರೆಯುಳ್ಳ ಕುಟುಂಬದವರಿಗೆ, ಹೃದಯ ದುರ್ಬಲವಾದವರಿಗೆ ಇವು ಅಪಾಯಕಾರಿ. ಕ್ಲಸ್ಟರ್ ರೋಗಿಗಳು ನುಂಗುವ ಲಿಥಿಯಂ ಜೊತೆ ಸೇರಿದರೆ ಫಿಟ್ಸ್ ಬರಬಹುದು. ಬೀದಿಯಲ್ಲಿ ಸಿಗುವ ಕಾಗದದ ಚೂರಿನಲ್ಲಿ ಏನಿದೆಯೆಂದು ಮಾರುವವನಿಗೂ ತಿಳಿಯದು, ಕಾಡಿನ ಅಣಬೆಯಲ್ಲಿ ಕೊಲ್ಲುವ ಜಾತಿಗಳೂ ಇವೆ. ಆದ್ದರಿಂದ ಈ ಲೇಖನ ಓದಿ ಯಾರೂ ಹುಡುಕಿಕೊಂಡು ಹೊರಡಬಾರದು. ಆದರೆ ಹಾಗೆ ಹೊರಡುವ ಸ್ಥಿತಿಗೆ ರೋಗಿಯನ್ನು ತಳ್ಳಿದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಆಸ್ಪತ್ರೆಯಲ್ಲಿ, ಅಳತೆ ಮಾಡಿದ ಪ್ರಮಾಣದಲ್ಲಿ, ಡಾಕ್ಟರರ ಕಣ್ಣೆದುರಿಗೆ ಪರೀಕ್ಷೆಗೊಳಗಾಗಲು ಅವನು ಸಿದ್ಧನಿದ್ದಾನೆ. ಅದು ನಮ್ಮ ದೇಶದಲ್ಲಿ ಇಲ್ಲ.

ಭಾವಮೈದುನ ತನ್ನ ಡಾಕ್ಟರರ ಮುಂದೆ ಒಮ್ಮೆ ಈ ಸುದ್ದಿ ತೆಗೆದ. ಅವರು ಒಳ್ಳೆಯವರೇ. ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿ, ಓದಿದ್ದೇನೆ, ಆದರೆ ಇಲ್ಲಿ ಮಾತಾಡಬೇಡಿ ಎಂದರಂತೆ.

ಸಂಘದ ಕಾರ್ಯಕಾರಿ ಸಮಿತಿಗೆ ನಾನು ಬರೆದುಕೊಟ್ಟ ಪತ್ರದಲ್ಲಿ ಎರಡು ಕೋರಿಕೆಗಳಿವೆ. ಮುಂದಿನ ವರ್ಷದ ಆ ಉಪನ್ಯಾಸಕ್ಕೆ ಪೊಲೀಸರ ಜೊತೆಗೆ ಒಬ್ಬ ನರರೋಗ ತಜ್ಞರನ್ನೂ ಕರೆಯಬೇಕು. ಸಂಘದ ಆರೋಗ್ಯ ನಿಧಿಯಿಂದ ದೊಡ್ಡ ಸಿಲಿಂಡರು, ಸರಿಯಾದ ಮುಖವಾಡ, 15 ಲೀಟರಿನವರೆಗೆ ಹರಿಸಬಲ್ಲ ರೆಗ್ಯುಲೇಟರು ಇವಿಷ್ಟನ್ನು ಕೊಂಡು, ಕೇಳಿದ ಸದಸ್ಯರಿಗೆ ಕಡ ಕೊಡುವ ಏರ್ಪಾಡಾಗಬೇಕು. ಇದಕ್ಕೆ ಯಾವ ಕಾಯಿದೆಯೂ ಅಡ್ಡ ಬರುವುದಿಲ್ಲ. ದೀಪಾವಳಿಯ ಆಸುಪಾಸಿಗೆ ಅವನ ಋತು ಮತ್ತೆ ಶುರುವಾಗುತ್ತದೆ, ರಾತ್ರಿ ಸುಮಾರು ಎರಡು ಗಂಟೆಗೆ. ಸಮಿತಿಯ ಉತ್ತರ ಇನ್ನೂ ಬಂದಿಲ್ಲ.